ಹೆಂಗಸರ ಅಕ್ಷರ, ಮೊದಲ ಪುಸ್ತಕ

ಐವತ್ತರ ಹತ್ತಿರ ಬಂದ ಹೆಂಗಸು ಕೊರಿಯನ್ ಕಲಿಯುತ್ತೇನೆ ಎಂದರೆ ಮನೆಯವರು ಮೊದಲು ನಗುತ್ತಾರೆ, ಆಮೇಲೆ ‘ಎಲ್ಲ ಆ ಧಾರಾವಾಹಿಗಳ ಹುಚ್ಚು’ ಎಂದು ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲೂ ಆದದ್ದು ಅಷ್ಟೇ. ಹುಚ್ಚು ಇದ್ದದ್ದೂ ನಿಜ. ಆ ಅತ್ತೆ-ಸೊಸೆಯರು, ಹಿರಿಯರೆದುರು ತಗ್ಗುವ ದನಿ, ‘ಊಟ ಆಯಿತೇ’ ಎಂದು ವಿಚಾರಿಸುವ ರೀತಿ ಎಲ್ಲವೂ ನಮ್ಮವೇ ಅನ್ನಿಸುವಾಗ ಮಾತೊಂದು ಮಾತ್ರ ಪರಕೀಯವಾಗಿ ಉಳಿಯುವುದೇಕೆ? ಆದರೆ ಕಲಿಯಲು ಯಾವ ಪುಸ್ತಕ ಕೊಳ್ಳುವುದು ಎಂಬಲ್ಲಿ ಎಲ್ಲ ನಿಂತಿತು. ಒಂದು ಪುಸ್ತಕ ಕೊನೆಯ ಪುಟದವರೆಗೂ ಕೊರಿಯನ್ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ‘ಸುಲಭ’ ಎಂದು ಬೆನ್ನು ತಟ್ಟುತ್ತದೆ. ಇನ್ನೊಂದು ಮೊದಲ ಪಾಠದಲ್ಲೇ ಕೊರಿಯದ ಅಕ್ಷರಗಳನ್ನು ಎದುರಿಗಿಟ್ಟು ಕೂರಿಸುತ್ತದೆ. ಯಾವುದನ್ನು ಆರಿಸಬೇಕು? ಇದಕ್ಕೆ ಉತ್ತರ ಆ ಅಕ್ಷರಗಳ ಚರಿತ್ರೆಯಲ್ಲಿಯೇ ಇದೆ.

ಕೊರಿಯದಲ್ಲಿ ಬಹುಕಾಲ ಓದು ಬರಹ ಎಂದರೆ ಚೀನೀ ಅಕ್ಷರಗಳೇ. ಸಾವಿರಾರು ಚಿತ್ರದಂಥ ಅಕ್ಷರಗಳನ್ನು ಕಲಿಯಲು ಬಿಡುವೂ ಮನೆತನವೂ ಬೇಕು. ಉಳಿದವರ ಪಾಡು ಕಂಡ ಸೆಜೊಂಗ್ ಎಂಬ ಅರಸ, ಜನ ತಮ್ಮ ಮನಸ್ಸಿನದನ್ನು ತಾವೇ ಬರೆಯುವಂತಾಗಲಿ ಎಂದು 28 ಅಕ್ಷರಗಳನ್ನು 1443ರ ಕೊನೆಯ ಹೊತ್ತಿಗೆ ರೂಪಿಸಿ, 1446ರಲ್ಲಿ ಸಾರಿದ. ಈಗ ಮೂಲಾಕ್ಷರಗಳು 24. ಇವುಗಳ ಬೆಡಗು ನಮಗೆ ಬೇಗ ಹಿಡಿಸುತ್ತದೆ. ‘ನ’ಕಾರದ ಗೆರೆ ಹಲ್ಲಿನ ಹಿಂದೆ ತಾಗಿದ ನಾಲಿಗೆಯ ಆಕಾರ, ‘ಮ’ಕಾರದ ಚೌಕ ಬಾಯಿಯ ಆಕಾರ. ಕಂಠ್ಯ, ತಾಲವ್ಯ, ದಂತ್ಯ, ಓಷ್ಠ್ಯ ಎಂದು ಬಾಯಿಪಾಠ ಮಾಡಿ ಬೆಳೆದ ನಮಗೆ ಬಾಯಿಯ ಸ್ಥಾನ ನೋಡಿ ಅಕ್ಷರ ಜೋಡಿಸುವುದು ಹೊಸ ವಿದ್ಯೆಯೇನಲ್ಲ.

ಪಂಡಿತರಿಗೆ ಮಾತ್ರ ಇದು ರುಚಿಸಲಿಲ್ಲ. ಚ್ವೆ ಮಾನ್‌ರಿ ಮುಂತಾದವರು 1444ರಲ್ಲೇ ಅರಸನಿಗೆ ವಿರೋಧದ ಮನವಿ ಕೊಟ್ಟರು. ಚೀನದ ದಾರಿ ಬಿಟ್ಟರೆ ನಾವು ಅನಾಗರಿಕರ ಸಾಲಿಗೆ ಸೇರುತ್ತೇವೆ ಎಂಬುದು ಅವರ ಅಳಲು. 1504ರಲ್ಲಿ ಯೋನ್‌ಸಾನ್ ಎಂಬ ಅರಸ, ತನ್ನನ್ನು ಬಯ್ದ ಬರಹಗಳು ಈ ಅಕ್ಷರದಲ್ಲಿ ಕಂಡವೆಂದು ಅದರ ಕಲಿಕೆಯನ್ನೇ ನಿಷೇಧಿಸಿದ. ಗಂಡಸರ ವಿದ್ವತ್ತಿನ ಮನೆಯಿಂದ ಹೊರಗುಳಿದ ಅಕ್ಷರವನ್ನು ಒಳಮನೆಯಲ್ಲಿ ಕಾಪಾಡಿದವರಲ್ಲಿ ಹೆಂಗಸರು ಮುಖ್ಯರು. ತವರಿಗೆ ಕಾಗದ, ಮಗಳಿಗೆ ಬುದ್ಧಿಮಾತು, ಕಥೆ ಎಲ್ಲವೂ ಅದರಲ್ಲೇ. ಅದಕ್ಕೇ ಅದಕ್ಕೆ ‘ಹೆಂಗಸರ ಅಕ್ಷರ’ ಎಂಬ ಹೀನಾಯದ ಹೆಸರೂ ಬಂತು. ರಾಜಕುಮಾರ ಸಾಡೊನನ್ನು ಅವನ ತಂದೆಯೇ 1762ರಲ್ಲಿ ಅಕ್ಕಿಯ ಪೆಟ್ಟಿಗೆಯೊಳಗೆ ಮುಚ್ಚಿಸಿ ಕೊಲ್ಲಿಸಿದ. ಅವನ ಹೆಂಡತಿ ಹ್ಯೆಗ್ಯೊಂಗ್ ತನ್ನ ಅರವತ್ತನೆಯ ವರ್ಷದಿಂದ, 1795ರಿಂದ 1805ರವರೆಗೆ, ಆ ಸಂಕಟವನ್ನೆಲ್ಲ ಬರೆದಿಟ್ಟದ್ದು ಈ ಅಕ್ಷರದಲ್ಲೇ. ಈಗ ಕೊರಿಯನ್ ಗದ್ಯ ಎಂದರೆ ಮೊದಲು ನೆನೆಯುವ ಕೃತಿಗಳಲ್ಲಿ ಅದೂ ಒಂದು.

ಸರಕಾರಿ ಕಾಗದಗಳಿಗೆ ಈ ಲಿಪಿ ಅರ್ಹವೆಂದು ಒಪ್ಪಿದ್ದು 1894ರಲ್ಲಿ. ಅಲ್ಲಿಯವರೆಗೆ ಮಕ್ಕಳು ‘ಗ ಗ್ಯ ಗೊ ಗ್ಯೊ’ ಎಂದು ಪಟ್ಟಿಯಲ್ಲಿ ಉರುಹೊಡೆದು ಕಲಿಯುತ್ತಿದ್ದರು. ನಮ್ಮ ಕಾಗುಣಿತವಲ್ಲದೆ ಇದು ಮತ್ತೇನು! 1926ರಲ್ಲಿ ಅಕ್ಷರದ ಹಬ್ಬ ಶುರುವಾದಾಗ ಅದರ ಹೆಸರೇ ‘ಗಗ್ಯ ದಿನ’. ‘ಹಂಗುಲ್ ದಿನ’ ಎಂದಾದದ್ದು 1928ರಲ್ಲಿ.

ಪರದೇಶಿಯರಿಗಾಗಿ ಬಂದ ಮೊದಲ ಪಠ್ಯಗಳಲ್ಲಿ ಒಂದು ಜಾನ್ ರಾಸ್ ಎಂಬ ಸ್ಕಾಟಿಷ್ ಪಾದ್ರಿಯದು, 1877ರದು. ಕೊರಿಯ ಆಗ ಪಾಶ್ಚಾತ್ಯರಿಗೆ ಬಾಗಿಲು ತೆರೆದಿರಲಿಲ್ಲ. ಮಂಚೂರಿಯದಲ್ಲಿದ್ದ ರಾಸ್ ಗಡಿಯ ಉಯಿಜು ಊರಿನ ಯಿ ಉಂಗ್‌ಚಾನ್ ಎಂಬುವರಿಂದ ಕಲಿತು ಪುಸ್ತಕ ಬರೆದ. ಹಾಗಾಗಿ ಅದರಲ್ಲಿ ಬಂದದ್ದು ರಾಜಧಾನಿಯ ಮಾತಲ್ಲ, ವಾಯವ್ಯ ಭಾಗದ ಆಡುಮಾತು. ಮಂಗಳೂರಿನಲ್ಲಿ ಕನ್ನಡ ಕಲಿತವರ ಬಾಯಲ್ಲಿ ಧಾರವಾಡದ ಮಾತು ಬರುವುದಿಲ್ಲವಲ್ಲ, ಹಾಗೆಯೇ. ಅಂದಿನಿಂದ ನಾನು ಪುಸ್ತಕ ಹಿಡಿದಾಗ ಮೊದಲು ನೋಡುವುದು ಬರೆದವರು ಯಾರು, ಯಾರ ಮಾತು ಕಲಿಸುತ್ತಾರೆ ಎಂಬುದನ್ನು.

ಎರಡನೆಯದು ಇಂಗ್ಲಿಷ್ ಅಕ್ಷರದ ಊರುಗೋಲು. ಕೊರಿಯನ್ನಿನ ಎರಡು ಸ್ವರಗಳಿಗೆ ಇಂಗ್ಲಿಷಿನಲ್ಲಿ ಒಂಟಿ ಅಕ್ಷರ ಇಲ್ಲ. ಎರಡೆರಡು ಕೂಡಿಸಿ ಬರೆಯುತ್ತಾರೆ. ಓದುವವರು ಎರಡು ಸ್ವರ ಎಂದುಕೊಂಡು ‘ಸೊಉಲ್’ ಎಂಬ ರಾಜಧಾನಿಯನ್ನು ‘ಸಿಯೋಲ್’ ಮಾಡುತ್ತಾರೆ. ಮೇಲಾಗಿ ಈ ಬರವಣಿಗೆಯ ನಿಯಮವನ್ನೇ ಸರಕಾರ 2000ದಲ್ಲಿ ಬದಲಿಸಿತು. ಹಳೆಯ ಪುಸ್ತಕದ ‘ಪುಸಾನ್’ ಹೊಸದರಲ್ಲಿ ‘ಬುಸಾನ್’. ಕೊರಿಯದ ಅಕ್ಷರದಲ್ಲಿ ಮಾತ್ರ ಆ ಊರಿನ ಹೆಸರು ಎಂದಿನಂತೆಯೇ ಇದೆ. ಅದನ್ನು ಕಲಿತವಳಿಗೆ ಈ ಗೊಂದಲವೇ ಇಲ್ಲ.

ಮೂರನೆಯದು ವ್ಯಾಕರಣ. ಇಂಗ್ಲಿಷ್ ಓದುಗರಿಗಾಗಿ ಬರೆದ ಪುಸ್ತಕಗಳು ‘ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಅಂಟುತ್ತದೆ, ಹಿರಿಯರಿಗೆ ಕ್ರಿಯಾಪದವೇ ಬದಲಾಗುತ್ತದೆ’ ಎಂದು ಪುಟಗಟ್ಟಲೆ ಹೆದರಿಸುತ್ತವೆ. ‘ಮನೆಗೆ ಹೋಗುತ್ತೇನೆ’ ಎಂದಷ್ಟೇ ಸಹಜವಾಗಿ ಅವರು ‘ಜಿಬೆ ಗಾಯೊ’ ಎನ್ನುತ್ತಾರೆ. ‘ಜಿಪ್’ ಮನೆ, ‘ಎ’ ನಮ್ಮ ‘ಗೆ’. ‘ಬಾ’, ‘ಬನ್ನಿ’ಗಳ ನಡುವಿನ ಅಂತರ ತಿಳಿದವಳಿಗೆ ಯಾರು ಹೆದರಿಕೆ ಹುಟ್ಟಿಸಬೇಕು? ಈ ಹೋಲಿಕೆಗಳನ್ನು ಕಂಡು ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಪುಸ್ತಕವನ್ನೇ ಬರೆದ. ಭಾಷಾಶಾಸ್ತ್ರಜ್ಞರು ಈ ನಂಟನ್ನು ಒಪ್ಪುವುದಿಲ್ಲ. ನಂಟು ಇಲ್ಲದಿದ್ದರೇನು, ನೆರೆಮನೆಯವರ ಅಡಿಗೆಯ ಕ್ರಮ ನಮ್ಮದರಂತಿದ್ದರೆ ಕಲಿಯಲು ಅನುಕೂಲವೇ.

ಆ ಅಕ್ಷರಕ್ಕೆ ಕೊನೆಯ ಗಂಡಾಂತರ ಬಂದದ್ದು ಜಪಾನಿನ ಆಳ್ವಿಕೆಯಲ್ಲಿ. 1938ರಲ್ಲಿ ಕೊರಿಯನ್ ಕಲಿಯಲೇಬೇಕಾದ ವಿಷಯವಾಗಿ ಉಳಿಯಲಿಲ್ಲ, ಬೇಗನೆ ಶಾಲೆಗಳಿಂದಲೇ ಮರೆಯಾಯಿತು. ನಿಘಂಟು ರಚಿಸುತ್ತಿದ್ದ ವಿದ್ವಾಂಸರನ್ನು 1942ರಲ್ಲಿ ಬಂಧಿಸಿದರು; ಇಬ್ಬರು ಸೆರೆಮನೆಯಲ್ಲೇ ತೀರಿಕೊಂಡರು. ವಶಪಡಿಸಿಕೊಂಡ ಹಸ್ತಪ್ರತಿ 1945ರಲ್ಲಿ ಸೊಉಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಸಿಕ್ಕಿತು. ಅದೇ ವರ್ಷ, ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಲ್ಲಿ, ಜನರಿಗೆ ಕೊಟ್ಟ ಮೊದಲ ಪಠ್ಯದ ಹೆಸರಿನ ಅರ್ಥ ‘ಹಂಗುಲ್, ಮೊದಲ ಹೆಜ್ಜೆ’. ತಮ್ಮದೇ ಮಾತನ್ನು ಆಡುತ್ತಿದ್ದವರೂ ಅಕ್ಷರದಿಂದಲೇ ಶುರು ಮಾಡಿದರು.

ನಾನು ಆರಿಸಿದ್ದು ಮೊದಲ ವಾರವೇ ಊರುಗೋಲು ಕಿತ್ತುಕೊಳ್ಳುವ ಪುಸ್ತಕ. ಮಧ್ಯಾಹ್ನದ ಅರ್ಧ ಗಂಟೆಯ ಬಿಡುವಿನಲ್ಲಿ ಒಂದು ವಾರಕ್ಕೆ ಅಕ್ಷರ ಕೂಡಿಸಿ ಓದಲು ಬಂತು. ನಮ್ಮಂಥವರು ಪಾಠ ತಲೆಗೆ ಹತ್ತದಿದ್ದರೆ ಪುಸ್ತಕವನ್ನು ದೂರುವುದಿಲ್ಲ, ‘ನನ್ನ ತಲೆಯೇ ಇಷ್ಟು’ ಎಂದು ಮುಚ್ಚಿಡುತ್ತೇವೆ. ಅದಕ್ಕೇ ಹೇಳುತ್ತೇನೆ, ಕಲಿಯಲು ಹೊರಟ ಗೆಳತಿಯರು ನಿಮ್ಮ ಬುದ್ಧಿಯನ್ನು ನಂಬುವ ಪುಸ್ತಕವನ್ನೇ ಕೊಳ್ಳಿ. ಆ ಅಕ್ಷರಗಳನ್ನು ಕಾಗದ ಬರೆದೂ ಕಥೆ ಓದಿಯೂ ಉಳಿಸಿದವರು ಅಡಿಗೆಮನೆಯ ಬಿಡುವಿನಲ್ಲಿ ಕಲಿತ ಹೆಂಗಸರೇ.