ತಂಡ ನಾಯಕತ್ವ: ಕೊಂಕಣ ರೈಲ್ವೆಯ ಮಾದರಿ

ತಂಡ ನಾಯಕತ್ವವೆಂದರೆ ಕೊಟ್ಟ ಕೆಲಸವನ್ನು ಗುಣಮಟ್ಟ ಕೆಡದಂತೆ ಸಕಾಲಕ್ಕೆ ಮುಗಿಸಲು ಸಹೋದ್ಯೋಗಿಗಳನ್ನು ಸಜ್ಜುಗೊಳಿಸುವ ವ್ಯವಸ್ಥಾಪಕನ ಕಲೆ. ಭಾರತದಲ್ಲಿ ಇದಕ್ಕೆ ಇ. ಶ್ರೀಧರನ್ ಮುನ್ನಡೆಸಿದ ಕೊಂಕಣ ರೈಲ್ವೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮಕ್ಕೆ ಅವರೇ ಮೊದಲ ಅಧ್ಯಕ್ಷರು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ಹಾದಿ; ನಡುವೆ ಘಟ್ಟ, ನದಿ, ಬಿರುಮಳೆ. ಶ್ರೀಧರನ್ ಅದನ್ನು 7 ವಿಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್‌ರನ್ನು ಹೊಣೆಗಾರರನ್ನಾಗಿ ಮಾಡಿದರು. ಕಾರವಾರ, ಉಡುಪಿ ಅವುಗಳಲ್ಲಿ ಎರಡು. ಹೊಣೆಯೊಂದಿಗೆ ಅಧಿಕಾರವನ್ನೂ ಕೊಟ್ಟರು. ಸ್ಥಳದಲ್ಲೇ ತೀರ್ಮಾನಿಸಬಹುದಾದ ಕಡತ ಕೇಂದ್ರ ಕಚೇರಿಗೆ ಅಲೆಯಬೇಕಿರಲಿಲ್ಲ. ಅನೇಕ ಕಚೇರಿಗಳು ಎಡವುವುದು ಇಲ್ಲಿಯೇ: ಹೊಣೆ ಕೆಳಗಿಳಿಯುತ್ತದೆ, ಅಧಿಕಾರ ಮಾತ್ರ ಮೇಲೆಯೇ ಉಳಿಯುತ್ತದೆ.

ಎಲ್ಲವೂ ಸುಗಮವಾಗಲಿಲ್ಲ. ಗೋವಾದ ಪೆರ್ಣೆಂ ಸುರಂಗದಲ್ಲಿ ಮೆದುಮಣ್ಣು ಮತ್ತೆ ಮತ್ತೆ ಕುಸಿದು ಕೆಲಸ ತಡವಾಯಿತು. ಆದರೂ ಹೊನ್ನಾವರದಲ್ಲಿ ಶರಾವತಿಯ ಮೇಲೆ 2 ಕಿ.ಮೀ.ಗೂ ಹೆಚ್ಚು ಉದ್ದದ ಸೇತುವೆ ಎದ್ದಿತು. ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು.

ಮುಂದೆ ದೆಹಲಿ ಮೆಟ್ರೊದಲ್ಲಿ, ಗಡುವಿಗೆ ಉಳಿದ ದಿನ ತೋರಿಸುವ ಫಲಕಗಳನ್ನು ಶ್ರೀಧರನ್ ಕಾಮಗಾರಿ ಸ್ಥಳಗಳಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿಸಿದರು. ಗುರಿ ಅಧಿಕಾರಿಯ ಕಡತದಲ್ಲಷ್ಟೇ ಉಳಿಯದೆ ಇಡೀ ತಂಡದ್ದಾಯಿತು.

ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು.