ವಿವಿ ಸಾಗರದ ದಡ ಒಂದು ಗೆರೆ ಅಲ್ಲ: ಆರು ಫೋಟೊ, ಒಂದು ಇತಿಹಾಸ

ನಮ್ಮ ಕಡೆಯ ಕೆರೆ-ಕಟ್ಟೆಗಳ ಸೀರೀಸ್‌ನಲ್ಲಿ ಈ ಸಲ ಹಿರಿಯೂರಿನ ವಾಣಿ ವಿಲಾಸ ಸಾಗರ. ಒಂದೇ ದಡದಲ್ಲಿ ಬೇರೆ ಬೇರೆ ಕಾಲದಲ್ಲಿ ತೆಗೆದ ಆರು ಫೋಟೊ ಇವು. ಪ್ರತಿ ಫೋಟೊ ಮೇಲೂ ತಾರೀಕು, ಅವತ್ತಿನ ನೀರಿನ ಅಡಿ ಬರೆದಿದೀನಿ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

ಫೋಟೊ 1: ಕಣಿವೆ

ಎರಡು ಗುಡ್ಡ, ನಡುವೆ ಕಲ್ಲಿನ ಗೋಡೆ. ಹಳಬರು ಇವತ್ತಿಗೂ ಇದನ್ನ ಮಾರಿಕಣಿವೆ ಅಂತಾನೇ ಕರೀತಾರೆ, ಪಕ್ಕದಲ್ಲೇ ಕಣಿವೆ ಮಾರಮ್ಮನ ಗುಡಿ ಇದೆ. ವೇದಾವತಿ ನದಿ ಗುಡ್ಡ ಸೀಳ್ಕೊಂಡು ಹೊರಗೆ ಬರೋ ಜಾಗ ಇದು. ಅಣೆಕಟ್ಟೆಗೆ ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ, ಸಣ್ಣ ಬಾಯಿ ಮುಚ್ಚಿದ್ರೆ ಹಿಂದೆ ದೊಡ್ಡ ಹೊಟ್ಟೆ ತುಂಬುತ್ತೆ.

ಕೆಲಸ ಶುರುವಾಗಿದ್ದು 1898ರಲ್ಲಿ, ಮುಗಿದಿದ್ದು 1907ರಲ್ಲಿ. ರೀಲ್ಸ್‌ಗಳಲ್ಲಿ "ವಿಶ್ವೇಶ್ವರಯ್ಯ ಕಟ್ಟಿಸಿದ ಡ್ಯಾಂ" ಅಂತ ಹಾಕೋರು ಇದಾರೆ. ಸರ್ ಎಂವಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಿದ್ದೇ 1909ರಲ್ಲಿ, ಅಷ್ಟೊತ್ತಿಗೆ ಈ ಗೋಡೆ ಎದ್ದು ಎರಡು ವರ್ಷ ಆಗಿತ್ತು. ಕೆಆರ್‌ಎಸ್ ಕೆಲಸ ಶುರುವಾಗಿದ್ದು 1911ರಲ್ಲಿ. ಅಂದ್ರೆ ನಮ್ಮದು ಅದಕ್ಕಿಂತ ಹಿರಿಯದು.

ಹೆಸರಿನ ಹಿಂದೆ ಇರೋದು ಒಬ್ಬ ಹೆಣ್ಮಗಳು. 1894ರ ಡಿಸೆಂಬರ್‌ನಲ್ಲಿ ಹತ್ತನೇ ಚಾಮರಾಜ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡಾಗ ಮಗ ನಾಲ್ವಡಿಗೆ ಬರೀ ಹತ್ತು ವರ್ಷ. 1902ರವರೆಗೂ ರಾಜ್ಯಭಾರ ನೋಡ್ಕೊಂಡಿದ್ದು ತಾಯಿ ಕೆಂಪನಂಜಮ್ಮಣ್ಣಿಯವರು. ಅವರ ಬಿರುದು ವಾಣಿವಿಲಾಸ ಸನ್ನಿಧಾನ. ಕೆಲಸ ಶುರುವಾದಾಗ ದಿವಾನರಾಗಿದ್ದೋರು ಶೇಷಾದ್ರಿ ಅಯ್ಯರ್. ಬರದ ಸೀಮೆಗೆ ಇಷ್ಟು ದೊಡ್ಡ ಖರ್ಚು ಮಾಡೋಕೆ ರಾಣಿಯವರ ಕಾಲದಲ್ಲಿ ತೀರ್ಮಾನ ಆಯ್ತು ಅನ್ನೋದೇ ನನಗೆ ದೊಡ್ಡ ವಿಷಯ ಅನ್ಸುತ್ತೆ.

ಫೋಟೊ 2: ಬೇಸಿಗೆ

ಏಪ್ರಿಲ್ ಬಂತು ಅಂದ್ರೆ ದಡ ದಿನಾ ಹಿಂದಕ್ಕೆ ಹೋಗುತ್ತೆ. ಬಂಡೆಗಳ ಮೇಲೆ ಒಂದರ ಕೆಳಗೊಂದು ಗೆರೆ, ನೀರು ಎಲ್ಲೆಲ್ಲಿ ನಿಂತಿತ್ತು ಅಂತ ಅದೇ ಬರೆದಿಟ್ಟಿರುತ್ತೆ. ಫೋಟೊ ತೆಗೆಯೋರಿಗೆ ಒಂದು ಮಾತು: ಈ ಗೆರೆಗಳು ಮಧ್ಯಾಹ್ನ ಕಾಣಲ್ಲ, ಬೆಳಗ್ಗೆ ಏಳರೊಳಗೆ ಹೋಗಿ, ಓರೆ ಬಿಸಿಲಿಗೆ ಒಂದೊಂದೂ ಎದ್ದು ಕಾಣ್ತವೆ.

ನಮ್ಮೂರಲ್ಲಿ ಡ್ಯಾಂ ವಿಷಯ ಟಿಎಂಸಿಯಲ್ಲಿ ಮಾತಾಡಲ್ಲ. ಸುಮಾರು 30 ಟಿಎಂಸಿ ಹಿಡಿಯುತ್ತೆ ಅನ್ನೋದು ಪೇಪರ್ ಲೆಕ್ಕ. ಟೀ ಅಂಗಡಿಯಲ್ಲಿ ಕೇಳೋದು "ಎಷ್ಟು ಅಡಿ ಐತೆ?" ಅಂತ. ಪೂರ್ತಿ ಮಟ್ಟ 130 ಅಡಿ. ಈ ಅಡಿ ಲೆಕ್ಕದಲ್ಲಿ ಒಂದು ಮೋಸ ಇದೆ. ಜಲಾಶಯ ಬಟ್ಟಲಿನ ಥರ, ಕೆಳಗೆ ಕಿರಿದು, ಮೇಲೆ ಅಗಲ. ತಳದ ಹತ್ತು ಅಡಿಯಲ್ಲಿರೋ ನೀರೂ ಮೇಲಿನ ಹತ್ತು ಅಡಿಯಲ್ಲಿರೋ ನೀರೂ ಒಂದೇ ಅಲ್ಲ. ಅದಕ್ಕೇ 65 ಅಡಿ ಅಂದ್ರೆ ಅರ್ಧ ಡ್ಯಾಂ ಅಂತ ಅಲ್ಲ, ಅದಕ್ಕಿಂತ ತುಂಬಾ ಕಮ್ಮಿ.

ಹಿರಿಯೂರು ರಾಜ್ಯದಲ್ಲೇ ಕಮ್ಮಿ ಮಳೆ ಬೀಳೋ ತಾಲ್ಲೂಕುಗಳಲ್ಲಿ ಒಂದು. ಕಳೆದ ದಶಕದ ಬರದಲ್ಲಿ ಇಲ್ಲಿ ನೀರು ತಳ ಹಿಡೀತು, ಬೋರ್‌ವೆಲ್ ಬತ್ತಿದವು, ತೆಂಗಿನ ತೋಟಗಳು ನಿಂತಲ್ಲೇ ಒಣಗಿದವು. ಸುಳಿ ಬಿದ್ದ ತೆಂಗಿನಮರ ಫೋಟೊದಲ್ಲಿ ಚೆನ್ನಾಗಿ ಕಾಣುತ್ತೆ. ಆದ್ರೆ ಅದು ಒಂದು ಮನೆಯ ಇಪ್ಪತ್ತು ವರ್ಷದ ಬಂಡವಾಳ. ಬಿಕಾಂ ಓದೋನಿಗೆ ಅದನ್ನ ಬರೀ ಸಿಲೂಯೆಟ್ ಅಂತ ನೋಡೋಕಾಗಲ್ಲ.

ಫೋಟೊ 3: ಮುಂಗಾರು

ಜುಲೈ. ಮೇಲೆ ಕಪ್ಪು ಮೋಡ, ಜೋರು ಗಾಳಿ, ದಡಕ್ಕೆ ಅಲೆ ಬಡೀತಿದೆ. ಆದ್ರೆ ಕೆಳಗೆ ನೆಲ ನೋಡಿ, ಒಣ ಧೂಳು. ನಮಗೆ ಮೋಡ ತೋರಿಸ್ಕೊಂಡು ಹೋಗುತ್ತೆ ಅಷ್ಟೇ.

ಈ ಕಾಲದಲ್ಲಿ ನೀರು ಬರಬೇಕಾದ್ದು ದೂರದ ಬಾಬಾಬುಡನ್‌ಗಿರಿ ಕಡೆಯಿಂದ. ಅಲ್ಲಿ ಹುಟ್ಟೋ ವೇದಾ ಮತ್ತು ಅವತಿ ಸೇರಿ ವೇದಾವತಿ ಆಗುತ್ತೆ. ದಾರಿಯಲ್ಲಿ ವೇದಾ ಅಯ್ಯನಕೆರೆ ತುಂಬಬೇಕು, ಅವತಿ ಮದಗದ ಕೆರೆ ತುಂಬಬೇಕು. ಆಮೇಲೆ ಕಡೂರು, ಹೊಸದುರ್ಗದ ಬಯಲಿನ ಕೆರೆ, ಚೆಕ್ ಡ್ಯಾಂ. ಎಲ್ಲರ ಪಾಲು ಮುಗಿದು ಉಳಿದಿದ್ದು ನಮಗೆ. ಮೇಲಿನವರದ್ದು ತಪ್ಪು ಅಂತಲ್ಲ, ಅವರದ್ದೂ ಒಣ ಸೀಮೆನೇ.

ಫೋಟೊ 4: ಕೋಡಿ

ಇದಕ್ಕೇ ಜಾಸ್ತಿ ಲೈಕ್ ಬಿದ್ದಿತ್ತು. ನೀರು ಕೋಡಿ ಮೇಲೆ ಹಾಲಿನ ಥರ ಇಳೀತಿರೋದು.

1907ರಲ್ಲಿ ಕಟ್ಟಿದ ಡ್ಯಾಂ ಮೊದಲ ಸಲ ಕೋಡಿ ಬಿದ್ದಿದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ಸ್ವಾತಂತ್ರ್ಯ ಬಂತು, ಏಕೀಕರಣ ಆಯ್ತು, ರಾಜ್ಯದ ಹೆಸರು ಬದಲಾಯ್ತು, ಕೋಡಿ ಮಾತ್ರ ಬೀಳಲಿಲ್ಲ. ನಮ್ಮ ತಾತ ಹುಟ್ಟಿದ್ದೇ 1948ರಲ್ಲಿ. ಅವರ ಪಾಲಿಗೆ "ವಿವಿ ಸಾಗರ ತುಂಬಿದಾಗ" ಅನ್ನೋದು "ಕಾಗೆ ಬೆಳ್ಳಗಾದಾಗ" ಅನ್ನೋ ಥರದ ಮಾತು. ನಾನಾಗ ಪಿಯುಸಿ. ಊರಿಗೆ ಊರೇ ನೋಡೋಕೆ ಹೋಯ್ತು. ತಾತ ಕೋಡಿ ಹತ್ರ ನಿಂತು ಏನೂ ಮಾತಾಡಲಿಲ್ಲ, ಚಪ್ಪಲಿ ಬಿಚ್ಚಿ ಕೈ ಮುಗಿದ್ರು.

ತುಂಬಿದಾಗ ಗುಡ್ಡದ ಮೇಲಿಂದ ನೋಡಿದ್ರೆ ಹಿನ್ನೀರು ಭಾರತದ ನಕ್ಷೆ ಥರ ಕಾಣುತ್ತೆ ಅಂತಾರಲ್ಲ, ಆ ಆಕಾರನೂ ಅಡಿ ಮೇಲೇ ನಿಂತಿದೆ. ನೀರು ಇಳಿದ ವರ್ಷ ಅದೇ ಜಾಗದಿಂದ ತೆಗೆದ್ರೆ ನಕ್ಷೆ ಸಿಗಲ್ಲ.

ಫೋಟೊ 5: ಹಿನ್ನೀರು

ಕೋಡಿ ಫೋಟೊ ನೋಡಿದವರು ಇದನ್ನೂ ನೋಡಬೇಕು. ಹೊಸದುರ್ಗದ ಕಡೆ, ಸೊಂಟದ ಮಟ್ಟದ ನೀರಲ್ಲಿ ನಿಂತ ತೋಟ.

ಕಾಗದದ ಮೇಲೆ 130 ಅಡಿವರೆಗೂ ಜಲಾಶಯನೇ. ಆದ್ರೆ ಮೂರು ತಲೆಮಾರು ನೀರು ಅಲ್ಲಿವರೆಗೆ ಬಂದಿದ್ದನ್ನ ಯಾರೂ ಕಂಡಿರಲಿಲ್ಲ. ಜನ ಉತ್ತರು, ಬಿತ್ತಿದರು, ಅಡಿಕೆ ತೆಂಗು ಇಟ್ಟರು. 2022ರಲ್ಲಿ ನೀರು ತನ್ನ ಹಳೇ ಗೆರೆ ಹುಡುಕ್ಕೊಂಡು ಬಂತು. ಕೆಳಗೆ ಹಿರಿಯೂರಲ್ಲಿ ಬಾಗಿನ, ಮೇಲೆ ಹೊಸದುರ್ಗದಲ್ಲಿ ಮುಳುಗಿದ ಬೆಳೆ. ಕೋಡಿ ಮಟ್ಟ ಇಳಿಸಿ ಅಂತ ಅಲ್ಲಿನವರು ಕೇಳಿದ್ರು. ಇಳಿಸಬೇಡಿ, ಮುಂದಿನ ಬರಕ್ಕೆ ಬೇಕು ಅಂತ ಇಲ್ಲಿನವರು. ನಾನು ಇಲ್ಲಿನವನು, ನನಗೂ ಇಳಿಸೋದು ಬೇಡ ಅಂತಾನೇ ಅನ್ಸುತ್ತೆ. ಆದ್ರೆ ನಮ್ಮ ಖುಷಿಯ ಖರ್ಚು ಯಾರ ಖಾತೆಗೆ ಬಿತ್ತು ಅನ್ನೋದನ್ನ ಮರೆತು ಕೋಡಿ ಫೋಟೊ ಹಾಕೋದು ಸರಿಯಲ್ಲ. ಮುಳುಗಡೆಗೆ ನ್ಯಾಯವಾದ ಪರಿಹಾರ ಸಿಗಲಿ ಅಂತ ಮೊದಲು ಹೇಳಬೇಕಾದವರು ನೀರು ಕುಡಿಯೋ ನಾವೇ.

ಫೋಟೊ 6: ಚಳಿಗಾಲ

ಇದು ನನಗೆ ತುಂಬಾ ಇಷ್ಟದ ಫೋಟೊ, ಯಾಕಂದ್ರೆ ಇದು ಮೊದಲು ಆಗೋಕೆ ಸಾಧ್ಯನೇ ಇರಲಿಲ್ಲ. 2025ರ ಜನವರಿ. ಮೋಡ ಇಲ್ಲದ ನೀಲಿ ಆಕಾಶ, ಬೆಳಗಿನ ಚಳಿ, ಮಳೆ ನಿಂತು ಎಷ್ಟೋ ದಿನ ಆಗಿದೆ. ಆದ್ರೂ ಡ್ಯಾಂ ಕೋಡಿ ಬಿದ್ದಿದೆ!

ಉತ್ತರ ಗುಡ್ಡದ ಆಚೆ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 2019ರಿಂದ ಭದ್ರಾ ನೀರನ್ನ ಪಂಪ್ ಮಾಡಿ ಈ ಕಡೆಗೆ ಹರಿಸ್ತಿದಾರೆ. 2022ರ ಕೋಡಿಯಲ್ಲಿ ಮಳೆ ಪಾಲು ದೊಡ್ಡದು. 2025ರಲ್ಲಿ ಕೊನೆಯ ಸ್ವಲ್ಪ ಅಡಿ ನಿಧಾನಕ್ಕೆ, ಪಂಪಿನ ನೀರಿಂದಲೇ ತುಂಬ್ತು. ನೂರು ವರ್ಷ ಈ ದಡ ಬಾಬಾಬುಡನ್‌ಗಿರಿಯ ಮಳೆ ಹೇಳಿದ ಹಾಗೆ ಕೇಳ್ತಿತ್ತು. ಈಗ ಮೋಟರ್ ಹೇಳಿದ್ದನ್ನೂ ಕೇಳುತ್ತೆ. ಅಂದ್ರೆ ದಡದ ಋತುನೇ ಬದಲಾಗಿದೆ. ಜನವರಿಯಲ್ಲಿ ತುಂಬಿದ ಡ್ಯಾಂನ ಫೋಟೊಗೆ ತಾರೀಕು ಇಲ್ಲ ಅಂದ್ರೆ ಮುಂದೆ ನೋಡಿದೋರು "ಅವತ್ತು ಭಾರಿ ಮಳೆ ಆಗಿತ್ತು" ಅಂತಾನೇ ಬರೀತಾರೆ.

ತಾರೀಕು, ಅಡಿ ಬರೀರಿ ಅಂತ ನಾನು ತಲೆ ತಿನ್ನೋದು ಇದಕ್ಕೇ. ನಿಮ್ಮ ಮನೆ ಆಲ್ಬಮ್‌ನಲ್ಲಿ ವಿವಿ ಸಾಗರಕ್ಕೆ ಪಿಕ್ನಿಕ್ ಹೋದ ಫೋಟೊ ಇದ್ದೇ ಇರುತ್ತೆ. ಅಪ್ಪ-ಅಮ್ಮ ಮದುವೆಯಾದ ಹೊಸದರಲ್ಲಿ ಕಟ್ಟೆ ಮೇಲೆ ನಿಂತಿರೋದು, ಶಾಲೆ ಟ್ರಿಪ್ಪು, ಯಾವುದಾದ್ರೂ ಸರಿ. ಹಿಂದೆ ನೀರು ಎಲ್ಲಿತ್ತು ನೋಡಿ. ವರ್ಷ ಕೇಳಿ, ಫೋಟೊ ಹಿಂದೆ ಪೆನ್ಸಿಲಲ್ಲಿ ಬರೀರಿ. ನನಗೆ ಡಿಎಂ ಮಾಡಿದ್ರೆ ಅದೇ ಜಾಗದಿಂದ ಈಗಿನ ಫೋಟೊ ತೆಗೆದು ಎರಡನ್ನೂ ಪಕ್ಕಪಕ್ಕ ಹಾಕ್ತೀನಿ. 1990ಕ್ಕಿಂತ ಹಳೇದಿದ್ರೆ ಮೊದಲು ಕಳಿಸಿ.

ಮುಂದಿನ ಭಾಗ: ಅಯ್ಯನಕೆರೆ.

#ವಿವಿಸಾಗರ #ಮಾರಿಕಣಿವೆ #ಹಿರಿಯೂರು #ವೇದಾವತಿ #ನಮ್ಮಚಿತ್ರದುರ್ಗ