ರೇಷ್ಮೆ ಸೀರೆ ಮತ್ತು ಪೈಲ್ವಾನ

ಜಾಗ್ವಾರ್ ಇ-ಟೈಪ್ ಎಂಬ ಇಂಗ್ಲಿಷ್ ಕಾರಿನ ಚಿತ್ರ ನೋಡಿದಾಗಲೆಲ್ಲ ನನಗೆ ಮದುವೆಮನೆಯ ರೇಷ್ಮೆ ಸೀರೆ ನೆನಪಾಗುತ್ತದೆ. ನೀಳವಾದ ಮೂತಿ, ಇಬ್ಬರಿಗಷ್ಟೇ ಜಾಗ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಅದರ ಮೊದಲ ಪ್ರದರ್ಶನ. ಅಲ್ಲಿ ತೋರಿಸಬೇಕಾಗಿದ್ದ ಕೂಪೆಯನ್ನು ಬಾಬ್ ಬೆರಿ ಎಂಬವರು ಇಂಗ್ಲೆಂಡಿನ ಕೊವೆಂಟ್ರಿಯಿಂದ ರಾತ್ರಿಯಿಡೀ ಓಡಿಸಿಕೊಂಡು ಬಂದು, ಕೊನೆ ಗಳಿಗೆಯಲ್ಲಿ ತಲುಪಿಸಿದರಂತೆ. ಅದೇ ಮಾದರಿಯ ತೆರೆದ ಕಾರೊಂದನ್ನು 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಅದರ ಪಕ್ಕಕ್ಕೆ ಅಮೆರಿಕದ ಫೋರ್ಡ್ ಎಫ್-150 ಪಿಕಪ್ಪನ್ನು ನಿಲ್ಲಿಸಿದರೆ ಮದುಮಗಳ ಪಕ್ಕ ಪೈಲ್ವಾನ ನಿಂತಂತೆ. ಆಳಿಗಿಂತ ಎತ್ತರ, ಹಿಂದೆ ಸಾಮಾನು ಹೇರುವ ತೊಟ್ಟಿ. ಆದರೆ 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮ ಸುರಿದು ಲಕ್ಷಾಂತರ ಮನೆಗಳ ಕರೆಂಟು ಹೋಯಿತು, ಚಳಿಗೇ ಜನ ಸತ್ತರು. ಆಗ ಈ ಟ್ರಕ್ಕಿನ ಹೈಬ್ರಿಡ್ ಮಾದರಿ ಇಟ್ಟುಕೊಂಡಿದ್ದ ಕೆಲವರು ಅಂಗಳದಿಂದ ವೈರು ಎಳೆದು ಹೀಟರು, ದೀಪ ಹೊತ್ತಿಸಿಕೊಂಡರು. ಅದರೊಳಗಿನ ಜನರೇಟರು 7.2 ಕಿಲೋವ್ಯಾಟ್‌ವರೆಗೆ ವಿದ್ಯುತ್ ಕೊಡಬಲ್ಲದು. ತಮ್ಮಲ್ಲಿದ್ದ ಇಂಥ ಟ್ರಕ್ಕುಗಳನ್ನು ಕಷ್ಟದಲ್ಲಿದ್ದವರಿಗೆ ಎರವಲು ಕೊಡಿರೆಂದು ಕಂಪನಿಯೇ ಅಲ್ಲಿನ ಮಾರಾಟಗಾರರನ್ನು ಕೇಳಿಕೊಂಡಿತು.

ರೇಷ್ಮೆ ಸೀರೆಯ ಮೇಲಿನ ನನ್ನ ಆಸೆಯೇನೂ ಹೋಗಿಲ್ಲ. ಆದರೂ ಎಳೆಮಗುವಿರುವ ಮನೆಯಲ್ಲಿ, ಕರೆಂಟು ಹೋದ ಚಳಿರಾತ್ರಿಯಲ್ಲಿ, ಬಾಗಿಲಲ್ಲಿ ನಿಂತಿರಬೇಕಾದವನು ಆ ಪೈಲ್ವಾನನೇ.